ಒಂಬತ್ತೂವರೆಯ ಕಾಫಿ

ಹೋದ ದಸರಾದಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಇಳಿಸುವಾಗ ಮೂರು ಬಾಟಲಿ ಸಿಕ್ಕವು. ಮಗಳ ಕಪಾಟಿನಲ್ಲಿ, ಫಿಸಿಕ್ಸ್ ಗೈಡುಗಳ ಹಿಂದೆ, ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತಿದ್ದವು. ಕಾಲು ಲೀಟರಿನ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳು. ತಳದಲ್ಲಿ ಕೆಂಪು ನೀರು ಒಣಗಿ ಅಂಟಾಗಿತ್ತು. ಒಂದರೊಳಗೆ ನಾಲ್ಕು ಇರುವೆ ಸತ್ತಿದ್ದವು. ನಮ್ಮಮ್ಮ ಒಂದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು, 'ಇದೇನೋ ಇದು, ಕುಂಕುಮದ ನೀರಾ?' ಅಂತ ಕೇಳಿದರು. ನನಗೆ ನಗು ಬರಲಿಲ್ಲ. ಅದು ಎನರ್ಜಿ ಡ್ರಿಂಕ್ ಅಂತ ಯಾರಿಗೆ ಗೊತ್ತಿಲ್ಲ. ಇಪ್ಪತ್ತು ರೂಪಾಯಿಗೆ ಬೀದಿಗೊಂದು ಅಂಗಡಿಯಲ್ಲಿ ಸಿಗುತ್ತೆ.

ಮಗಳು ಸೆಕೆಂಡ್ ಪಿಯುಸಿ. ಪಿಸಿಎಂಬಿ. ಬೆಳಿಗ್ಗೆ ಆರಕ್ಕೆ ಟ್ಯೂಷನ್, ಒಂಬತ್ತಕ್ಕೆ ಕಾಲೇಜು, ಸಂಜೆ ಐದೂವರೆಗೆ ಇನ್ನೊಂದು ಟ್ಯೂಷನ್. ಇದರ ವಿವರ ಬರೆಯಬೇಕಾಗಿಲ್ಲ. ಈ ವಯಸ್ಸಿನ ಮಕ್ಕಳಿರುವ ಮನೆಗಳಲ್ಲೆಲ್ಲಾ ಟೈಮ್‌ಟೇಬಲ್ ಇದೇ. ನಾನು ಬಾಟಲಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪೊಲೀಸರು ಹಿಡಿದ ಮಾಲನ್ನು ಫೋಟೋಗೆ ಇಡುತ್ತಾರಲ್ಲ, ಹಾಗೆ. 'ಏನೇ ಇದು? ಇದನ್ನ ಕುಡಿದರೆ ರಾತ್ರಿ ನಿದ್ದೆ ಎಲ್ಲಿಂದ ಬರುತ್ತೆ? ಅದಕ್ಕೇ ಬೆಳಿಗ್ಗೆ ಎಬ್ಬಿಸಿದರೆ ಕಚ್ಚೋಕೆ ಬರ್ತೀಯ' ಅಂತ ಶುರು ಮಾಡಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಎಲ್ಲಾ ಮುಗಿದ ಮೇಲೆ ಒಂದೇ ಮಾತು ಕೇಳಿದಳು. 'ಅಪ್ಪ, ರಾತ್ರಿ ಒಂಬತ್ತೂವರೆಗೆ ನೀನು ತಂದುಕೊಡ್ತೀಯಲ್ಲ, ಅದರಲ್ಲೇನು ನಿದ್ದೆ ಮಾತ್ರೆ ಹಾಕಿರ್ತೀಯಾ?'

ನಮ್ಮ ಮನೆಯಲ್ಲಿ ಕಾಫಿ ಮಾಡುವವನು ನಾನು. ಅದು ನನ್ನ ಹೆಮ್ಮೆ ಕೂಡ. ಹಿತ್ತಾಳೆ ಫಿಲ್ಟರ್, ಗಟ್ಟಿ ಡಿಕಾಕ್ಷನ್, ಕಾದ ತಕ್ಷಣ ಹಾಲು. ಅವಳು ಓದಲು ಕೂತ ಮೇಲೆ ಬಾಗಿಲು ತಟ್ಟಿ, ಲೋಟ ಇಟ್ಟು, ತಲೆ ಸವರಿ ಬರುವುದು ದಿನಚರಿಯಾಗಿತ್ತು. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ.

ಲೆಕ್ಕ ಹಾಕಿ ನೋಡಿದೆ

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಜಗಳದಲ್ಲಿ ಸೋತರೆ ಲೆಕ್ಕ ಹಾಕುವ ಚಟ. ಮೊದಲು ಬಾಟಲಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ನಿದ್ದೆ ಓಡಿಸುವ ಕೆಫೀನ್ ಲೀಟರಿಗೆ 300 ಮಿಲಿಗ್ರಾಂಗಿಂತ ಜಾಸ್ತಿ ಇರುವ ಹಾಗಿಲ್ಲ. ಕಾಲು ಲೀಟರಿಗೆ ಹೆಚ್ಚೆಂದರೆ 75 ಆಯಿತು. ಇನ್ನು ನನ್ನ ಲೋಟ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2024ರಲ್ಲಿ ಊಟತಿಂಡಿಯ ಬಗ್ಗೆ ಹೊಸ ಮಾರ್ಗಸೂಚಿ ತಂದರು. ಅದರಲ್ಲಿ 150 ಎಂಎಲ್ ಡಿಕಾಕ್ಷನ್ ಕಾಫಿಗೆ 80ರಿಂದ 120 ಮಿಲಿಗ್ರಾಂ ಅಂತಿದೆ. ಇನ್‌ಸ್ಟಂಟ್ ಕಾಫಿಗೆ 50ರಿಂದ 65, ಟೀಗೆ 30ರಿಂದ 65. ನನ್ನ ಲೋಟ ಸ್ವಲ್ಪ ಚಿಕ್ಕದು, ಹಾಲೂ ಧಾರಾಳ. ನನ್ನ ಪರವಾಗಿಯೇ ಕಡಿಮೆ ಹಿಡಿದು 70 ಅಂತ ಬರೆದುಕೊಂಡೆ. ಪುಡಿಯಲ್ಲಿ ರೋಬಸ್ಟಾ ಜಾತಿಯ ಬೀಜ ಜಾಸ್ತಿ ಇದ್ದರೆ ಈ ಲೆಕ್ಕ ಮೇಲೆ ಹೋಗುತ್ತೆ, ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ಚಿಕೋರಿ ಜಾಸ್ತಿ ಇದ್ದರೆ ಕೆಳಗೆ ಇಳಿಯುತ್ತೆ, ಅದರಲ್ಲಿ ಕೆಫೀನೇ ಇಲ್ಲ. 'ಚಿಕೋರಿ ಹಾಕಿದ್ದು ಕಾಫಿನೇ ಅಲ್ಲ' ಅಂತ ವರ್ಷಗಟ್ಟಲೆ ಭಾಷಣ ಮಾಡಿದವನು ನಾನೇ.

ಅಂದರೆ ನಾನು ಕಳ್ಳಮಾಲಿನ ಹಾಗೆ ಸಾಲಾಗಿ ಇಟ್ಟ ಬಾಟಲಿಗೂ ಬೆಳ್ಳಿ ಲೋಟದಲ್ಲಿ ಒಯ್ದು ಕೊಡುತ್ತಿದ್ದ ಕಾಫಿಗೂ ಕೆಫೀನಿನ ಲೆಕ್ಕದಲ್ಲಿ ಅಂಥಾ ವ್ಯತ್ಯಾಸ ಇರಲಿಲ್ಲ. ಸಕ್ಕರೆ ಬೇರೆ, ಬಣ್ಣ ಬೇರೆ, ಆ ವಿಷಯದಲ್ಲಿ ನನ್ನದೇ ಮೇಲು. ನಿದ್ದೆ ಲೋಟ ನೋಡಿ ಬರುವುದಿಲ್ಲವಲ್ಲ.

ಬೆಳಿಗ್ಗೆ ಟ್ಯೂಷನ್‌ಗೆ ಮುಂಚೆ ಒಂದು ಲೋಟ, ಸಂಜೆ ಬಾಟಲಿ, ರಾತ್ರಿ ಇನ್ನೊಂದು ಲೋಟ. ಒಟ್ಟು 215. ಮಗಳ ತೂಕ 46 ಕೆಜಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ದಿನಕ್ಕೆ ಕೆಜಿಗೆ 3 ಮಿಲಿಗ್ರಾಂ ತನಕ ಚಿಂತೆಯಿಲ್ಲ ಅಂದಿತ್ತು. ಅವಳಿಗೆ ಅದು 138. ಮಲಗುವ ಹೊತ್ತಿಗೆ ಹತ್ತಿರ ಕುಡಿದರೆ ಕೆಜಿಗೆ 1.4 ಮಿಲಿಗ್ರಾಂ ಸಾಕು, ಕೆಲವರ ನಿದ್ದೆ ಕೆಡಿಸಬಹುದು ಅಂತಲೂ ಅದೇ ವರದಿಯಲ್ಲಿದೆ. ಅವಳ ತೂಕಕ್ಕೆ 64. ನನ್ನ ಒಂಬತ್ತೂವರೆಯ ಲೋಟ ಒಂದೇ ಆ ಗೆರೆ ದಾಟುತ್ತಿತ್ತು.

ಈ ಕೆಫೀನ್ ಮಾಡುವ ಕೆಲಸ ನಮ್ಮ ಬಸ್ಸಿನ ಜನರಿಗೆ ಚೆನ್ನಾಗಿ ಅರ್ಥವಾಗುತ್ತೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತೆ. ಅದು ಹೋಗಿ ಅದರ ಸೀಟಿನಲ್ಲಿ ಕೂತರೆ ನಮಗೆ ತೂಕಡಿಕೆ. ಕೆಫೀನ್ ಬಂದು ಕಿಟಕಿಯಿಂದ ಕರ್ಚೀಫ್ ಹಾಕಿ ಆ ಸೀಟು ಹಿಡಿದುಬಿಡುತ್ತೆ. ಅಡೆನೊಸಿನ್ ಬಸ್ಸಿಳಿದು ಹೋಗುವುದಿಲ್ಲ. ನಿಂತುಕೊಂಡೇ ಬರುತ್ತಿರುತ್ತೆ, ಜೊತೆಗೆ ಇನ್ನಷ್ಟು ಹತ್ತುತ್ತಾ ಇರುತ್ತೆ. ಕರ್ಚೀಫ್ ತೆಗೆದ ತಕ್ಷಣ ಎಲ್ಲಾ ಒಟ್ಟಿಗೆ ಧಡಾರನೆ ಕೂರುತ್ತೆ. ಮಧ್ಯಾಹ್ನ ಮೂರು ಗಂಟೆಗೆ ಕೆಮಿಸ್ಟ್ರಿ ಕ್ಲಾಸಿನಲ್ಲಿ ಕಣ್ಣು ಎಳೆಯುವುದು ಹಾಗೆ. ಆಮೇಲೆ ಸಂಜೆಯ ಟ್ಯೂಷನ್‌ಗೆ ಇನ್ನೊಂದು ಕರ್ಚೀಫ್ ಬೇಕಾಗುತ್ತೆ. ಅದರ ಬೆಲೆ ಇಪ್ಪತ್ತು ರೂಪಾಯಿ.

ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೊರಗೆ ಹೋಗಲು ಸುಮಾರು ಐದು ಗಂಟೆ ಬೇಕು. ಒಬ್ಬೊಬ್ಬರಿಗೆ ಒಂದೊಂದು ಥರ, ಆದರೂ ಸುಮಾರು ಐದು. ಒಂಬತ್ತೂವರೆಗೆ ಕುಡಿದು ಹನ್ನೆರಡೂವರೆಗೆ ಮಲಗುವ ಹುಡುಗಿಯ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಇರುತ್ತೆ. 'ನಂಗೆ ಮಲಗಿದ ತಕ್ಷಣ ನಿದ್ದೆ ಬರುತ್ತಪ್ಪ' ಅಂತ ಅವಳ ವಾದ. ಹೌದು, ಬರುತ್ತೆ. ಐದು ಗಂಟೆ ಮಲಗುವ ಹುಡುಗಿಗೆ ಬರದೆ ಇನ್ನೇನು. ಆದರೆ ನಿದ್ದೆ ಹತ್ತುವುದು ಒಂದು, ಗಾಢವಾಗಿ ಹತ್ತುವುದು ಇನ್ನೊಂದು. ಕೆಫೀನ್ ಕಡಿಮೆ ಮಾಡುವುದು ಮುಖ್ಯವಾಗಿ ಆ ಗಾಢ ನಿದ್ದೆಯನ್ನು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಲಗುವುದಕ್ಕೆ ಆರು ಗಂಟೆ ಮುಂಚೆ 400 ಮಿಲಿಗ್ರಾಂ ತೆಗೆದುಕೊಂಡ ದೊಡ್ಡವರಿಗೆ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಗಿತ್ತು. ಅದು ಭಾರೀ ಪ್ರಮಾಣ, ನಮ್ಮ ಐದಾರು ಲೋಟಕ್ಕೆ ಸಮ. ಆದರೂ ಆರು ಗಂಟೆ ಮುಂಚೆ ಅನ್ನುವುದನ್ನು ಓದಿ ನಾನು ಫೋನ್ ಕೆಳಗಿಟ್ಟೆ.

ಪುಸ್ತಕ ಮುಟ್ಟದ ದಿನಗಳು

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ತನಕ ಓದಬಾರದು. ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಈಗ ಇದಕ್ಕೂ ಅಡ್ಡದಾರಿ ಇದೆ. ಸಾಂಕೇತಿಕವಾಗಿ ಕನ್ನಡ ಪುಸ್ತಕ ಒಂದನ್ನು ಇಟ್ಟು, ಫಿಸಿಕ್ಸ್ ಕೆಮಿಸ್ಟ್ರಿ ಹೊರಗೆ ಇಟ್ಟುಕೊಳ್ಳುತ್ತಾರೆ. (ಸರಸ್ವತಿಗೆ ಕನ್ನಡ ಮಾತ್ರ ಸಾಕು ಅಂತ ಯಾರು ಹೇಳಿದರೋ.) ನಮ್ಮಮ್ಮನ ಹತ್ತಿರ ಇದು ನಡೆಯುವುದಿಲ್ಲ. ಗೈಡು, ನೋಟ್ಸು, ಲಾಗ್ ಟೇಬಲ್, ಕೊನೆಗೆ ಕ್ಯಾಲ್ಕುಲೇಟರ್ ಕೂಡ ದೇವರ ಮನೆಗೆ ಹೋಯಿತು. ಮೇಲೊಂದು ರೇಷ್ಮೆ ಬಟ್ಟೆ, ಅರಿಶಿನ ಕುಂಕುಮ, ಸೇವಂತಿಗೆ.

ಜಗಳದ ಸಿಟ್ಟಿಗೆ ಮಗಳು ಅವತ್ತು ನನ್ನ ಕಾಫಿಗೂ ಬಹಿಷ್ಕಾರ ಹಾಕಿದಳು. 'ನಿನ್ನ ಕಾಫಿನೂ ಬೇಡ, ಆ ಬಾಟ್ಲಿನೂ ಬೇಡ, ಸಾಕಾ?' ಟ್ಯೂಷನ್‌ಗೆ ರಜೆ. ಕಾಲೇಜಿಗೆ ರಜೆ. ಮಾಡಲು ಕೆಲಸವಿಲ್ಲದೆ ಗೊಂಬೆ ಮುಂದೆ ಕೂತು ಅಜ್ಜಿಯ ಜೊತೆ ಕಡಲೆಕಾಳು ಉಸಲಿ ತಿಂದಳು. ರಾತ್ರಿ ಒಂಬತ್ತೂವರೆಗೆ ನೋಡಿದರೆ ನಡುಮನೆಯ ದಿವಾನದ ಮೇಲೆಯೇ ನಿದ್ದೆ ಹೋಗಿದ್ದಳು. ಲೈಟ್ ಉರಿಯುತ್ತಿತ್ತು, ಟಿವಿಯಲ್ಲಿ ಯಾರೋ ಜಂಬೂಸವಾರಿಯ ತಾಲೀಮಿನ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಅವಳಿಗೆ ಯಾವುದೂ ಬೇಕಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕಾಲಿನಲ್ಲಿ ಮಾತ್ರ ಕಾಲುಚೀಲ. ಐದನೇ ಕ್ಲಾಸಿನಲ್ಲಿ ಹೀಗೆ ಮಲಗುತ್ತಿದ್ದಳು. ಆಮೇಲೆ ನಾನು ಅವಳು ಮಲಗಿದ್ದನ್ನು ನೋಡಿಯೇ ಇರಲಿಲ್ಲ ಅಂತ ಆಗ ಹೊಳೆಯಿತು. ಅವಳು ಮಲಗುವ ಹೊತ್ತಿಗೆ ನನಗೆ ಅರ್ಧ ನಿದ್ದೆ ಆಗಿರುತ್ತೆ.

ಮಾರನೇ ದಿನ ಒಂಬತ್ತೂಕಾಲಿನ ತನಕ ಎದ್ದಿಲ್ಲ. ಏಳಕ್ಕೆ ನಾನು ಎಬ್ಬಿಸಲು ಹೋದೆ, ಅಮ್ಮ ಬಾಗಿಲಲ್ಲೇ ತಡೆದರು. 'ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ, ಎಬ್ಬಿಸಿ ಏನು ಮಾಡ್ತೀಯ? ಸರಸ್ವತಿನೇ ಮಲಗಿಸಿದ್ದಾಳೆ, ಬಿಡು.' ಹದಿಮೂರರಿಂದ ಹದಿನೆಂಟರವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿತು. ಅಮ್ಮ ಅದನ್ನು ಓದಿಲ್ಲ.

ಎದ್ದ ಮೇಲೆ ಖುಷಿಯಾಗಿರುತ್ತಾಳೆ ಅಂದುಕೊಂಡರೆ, ತಲೆ ಹಿಡಿದುಕೊಂಡು ಬಂದಳು. ಹಣೆಯ ಎರಡೂ ಕಡೆ ಸಿಡಿಯುತ್ತಿದೆಯಂತೆ. ಅಮ್ಮ 'ದೃಷ್ಟಿ ಆಗಿದೆ, ನಿನ್ನೆ ಗೊಂಬೆ ನೋಡೋಕೆ ಬಂದಿದ್ದರಲ್ಲ ಆ ಕೊನೆ ಮನೆಯವರು' ಅಂತ ಉಪ್ಪು ಮೆಣಸಿನಕಾಯಿ ಇಳಿ ತೆಗೆದರು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಬರಲಿಲ್ಲ, ಆದ್ದರಿಂದ ದೃಷ್ಟಿಯೇ ಅಂತ ತೀರ್ಮಾನವೂ ಆಯಿತು. ಕೊನೆ ಮನೆಯವರ ತಪ್ಪಿಲ್ಲ. ದಿನಾ ಕೆಫೀನ್ ಕುಡಿಯುವವರು ತಟಕ್ಕನೆ ಬಿಟ್ಟರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ತಲೆನೋವು ಶುರುವಾಗುತ್ತೆ, ಕೆಲವರಿಗೆ ದಿನಗಟ್ಟಲೆ ಇರುತ್ತೆ. ನಾನು ತಿರುಪತಿಗೆ ಹೋದಾಗ ಸಾಲಿನಲ್ಲಿ ನಿಂತು ಅನುಭವಿಸಿದ್ದೇನೆ. ಹದಿನೇಳು ವರ್ಷದ ಹುಡುಗಿಗೆ ಆ ತಲೆನೋವು ಬರುವಷ್ಟು ಅಭ್ಯಾಸ ಆಗಿದೆ ಅನ್ನುವುದೇ ನನಗೆ ಬಾಟಲಿಗಿಂತ ದೊಡ್ಡ ವಿಷಯವಾಗಿ ಕಂಡಿತು.

ಸಕಲೇಶಪುರದ ಕಡೆಯ ನಾಲ್ಕು ಗಂಟೆ

ನಾನು ಬೆಳೆದದ್ದು ಸಕಲೇಶಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯ ಹಿಂದೆ ಕಾಫಿ ತೋಟ, ನಮ್ಮದಲ್ಲ, ಸಾಹುಕಾರರದು. ಅಂಥ ಊರಿನಲ್ಲೂ ಮಕ್ಕಳಿಗೆ ಕಾಫಿ ಇಲ್ಲ. 'ಕಾಫಿ ಕುಡಿದರೆ ಕಪ್ಪಗಾಗ್ತೀಯ' ಅಂತ ಹೆದರಿಸುತ್ತಿದ್ದರು. ಆಗಲೇ ಕಪ್ಪಗಿದ್ದ ನನಗೆ ಆ ಹೆದರಿಕೆ ತಾಗಲಿಲ್ಲ, ಆದರೂ ಕೊಡುತ್ತಿರಲಿಲ್ಲ. ನಮಗೆ ಸಿಗುತ್ತಿದ್ದದ್ದು ಕೊತ್ತಂಬರಿ ಜೀರಿಗೆ ಕಷಾಯ, ಬೆಲ್ಲ ಹಾಕಿ. ಮಧ್ಯಾಹ್ನ ಮಜ್ಜಿಗೆ. ಕಾಫಿ ಸಿಕ್ಕಿದ್ದು ಎಸ್ಸೆಸ್ಸೆಲ್ಸಿಯಲ್ಲಿ. 1993. ಅದೊಂದು ಬಡ್ತಿ ಇದ್ದ ಹಾಗೆ.

ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಎಬ್ಬಿಸುತ್ತಿದ್ದರು. ಒಲೆಯ ಮುಂದೆ ಕೂರಿಸಿ, ಸ್ಟೀಲಿನ ಲೋಟದಲ್ಲಿ ಬೆಲ್ಲದ ಕಾಫಿ. ಹೊರಗೆ ಮಂಜು ಎಷ್ಟೆಂದರೆ ಅಂಗಳದ ತುಳಸಿಕಟ್ಟೆ ಕಾಣುತ್ತಿರಲಿಲ್ಲ. 'ಈ ಹೊತ್ತಲ್ಲಿ ಓದಿದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ' ಅಂತ ಅಪ್ಪ ಹೇಳುತ್ತಿದ್ದರು. ಚಿಮಣಿ ದೀಪ, ಹೊಗೆಯ ವಾಸನೆ, ನಾಲಿಗೆ ಸುಡುವ ಕಾಫಿ. ಮಗಳಿಗೆ ಈ ಕಥೆಯನ್ನು ಕನಿಷ್ಠ ಐವತ್ತು ಸಲ ಹೇಳಿದ್ದೇನೆ. ಒಂಬತ್ತೂವರೆಯ ಲೋಟ ಒಯ್ಯುವಾಗೆಲ್ಲಾ ನಾನು ಮನಸ್ಸಿನಲ್ಲಿ ನಮ್ಮಪ್ಪನೇ ಆಗಿರುತ್ತಿದ್ದೆ.

ಈ ಸಲ ಹೇಳುವಾಗ ಅಮ್ಮ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. 'ನೀನೆಲ್ಲಿ ಓದ್ತಿದ್ದೆ? ಕಾಫಿ ಕುಡಿದು ಲೋಟ ತೊಳೆಯೋ ಹೊತ್ತಿಗೆ ಕಂಬಕ್ಕೆ ಒರಗಿ ಗೊರಕೆ ಹೊಡೀತಿದ್ದೆ. ನಿಮ್ಮಪ್ಪನಿಗೆ ಗೊತ್ತಾಗಬಾರದು ಅಂತ ನಾನೇ ಪಾತ್ರೆ ಸದ್ದು ಮಾಡ್ತಿದ್ದೆ.' ಮಗಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಅಮ್ಮ ಇನ್ನೊಂದು ಮಾತೂ ಹೇಳಿದರು. 'ಅಲ್ದೇ ಎಂಟೂವರೆಗೆಲ್ಲಾ ಮಲಗ್ತಿದ್ದೆ ಕಣೋ. ಕರೆಂಟ್ ಎಲ್ಲಿತ್ತು?' ನನ್ನ ಕಥೆಯಲ್ಲಿ ನಾಲ್ಕು ಗಂಟೆ ಇತ್ತು, ಎಂಟೂವರೆ ಇರಲೇ ಇಲ್ಲ. ಏಳೂವರೆ ಗಂಟೆ ನಿದ್ದೆ ಮಾಡಿ ಎದ್ದ ಹುಡುಗನಿಗೆ ಅಪ್ಪ ಕಾಫಿ ಕೊಟ್ಟಿದ್ದರು. ನಾನು ನಿದ್ದೆಗೆ ಹೋಗಬೇಕಾದ ಹುಡುಗಿಗೆ ಅದೇ ಕಾಫಿ ಕೊಟ್ಟು, ಅದೇ ಕಥೆ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಕಾಫಿ ನಿದ್ದೆಯ ಆಚೆ ಕಡೆಯಿಂದ ಈಚೆ ಕಡೆಗೆ ಯಾವಾಗ ಬಂತೋ ನನಗೆ ಗೊತ್ತೇ ಆಗಲಿಲ್ಲ.

ಏಳೂವರೆ ಗಂಟೆ ಮಲಗಿಯೂ ಕಂಬಕ್ಕೆ ಒರಗಿದ್ದು ಯಾಕೆ ಅನ್ನುವುದಕ್ಕೂ ಉತ್ತರ ಇದೆ. ಹದಿಹರೆಯದಲ್ಲಿ ಮೈಯ ಗಡಿಯಾರವೇ ಒಂದೆರಡು ಗಂಟೆ ತಡವಾಗುತ್ತೆ. ಕತ್ತಲಾಯಿತು, ಮಲಗು ಅಂತ ಹೇಳುವ ಮೆಲಟೋನಿನ್ ಅವರಿಗೆ ತಡವಾಗಿ ಏರುತ್ತೆ, ಬೆಳಿಗ್ಗೆ ತಡವಾಗಿ ಇಳಿಯುತ್ತೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಇದರ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿನ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕಿಂತ ಮುಂಚೆ ಶುರುವಾಗಬಾರದು ಅಂತ ಹೇಳಿದ್ದೂ ಇದೇ ಕಾರಣಕ್ಕೆ. ನಮ್ಮಲ್ಲಿ 8.30ರ ಹೊತ್ತಿಗೆ ಒಂದು ಟ್ಯೂಷನ್ ಮುಗಿದಿರುತ್ತೆ. ರಾತ್ರಿ ಬೇಗ ನಿದ್ದೆ ಬರದ ವಯಸ್ಸು, ಬೆಳಿಗ್ಗೆ ಬೇಗ ಏಳಬೇಕಾದ ವಯಸ್ಸು, ಎರಡೂ ಒಂದೇ. ನಡುವೆ ಉಳಿದ ಸಂದಿಯನ್ನು ಕಾಫಿಯಿಂದಲೋ ಕೆಂಪು ನೀರಿನಿಂದಲೋ ಮುಚ್ಚುತ್ತಾರೆ. ಅವರಿಗೆ ಬೇರೆ ದಾರಿ ನಾವು ಇಟ್ಟಿಲ್ಲ. (ಮೊಬೈಲ್ ಬಗ್ಗೆ ನಾನು ಬರೆಯುವುದಿಲ್ಲ. ಆ ಬೈಗುಳ ನಿಮ್ಮ ಮನೆಯಲ್ಲೂ ದಿನಾ ನಡೆಯುತ್ತೆ.)

ಬೇಕರಿ ಮುಂದೆ

ಹಬ್ಬ ಕಳೆದ ಮೇಲೆ ಒಂದು ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಆ ಬೀದಿಯ ಬೇಕರಿಗೆ ಹೋದೆ. ನೆಪಕ್ಕೆ ಖಾರಾ ಬನ್. ಬಾಗಿಲ ಪಕ್ಕದಲ್ಲೇ ಗಾಜಿನ ಫ್ರಿಜ್. ಮೇಲಿನ ಎರಡು ಸಾಲು ಪೂರ್ತಿ ಕೆಂಪು, ನೀಲಿ. ಕೋಲಾ ಕೆಳಗಿನ ಸಾಲಿಗೆ ಇಳಿದಿತ್ತು. ಕೋಲಾದಲ್ಲಿ ಕೆಫೀನ್ ಇದರ ಮೂರನೇ ಒಂದು ಭಾಗದಷ್ಟು, ಮಕ್ಕಳಿಗೆ ಅದೀಗ ಸಾಕಾಗುವುದಿಲ್ಲ ಅಂತ ಕಾಣುತ್ತೆ. ಬ್ಯಾಗ್ ಹೆಗಲಿಗೇರಿಸಿದ ಹುಡುಗರು ಫ್ರಿಜ್ ತಾವೇ ತೆಗೆದು, ಬಾಟಲಿ ಎತ್ತಿಕೊಂಡು, ಫೋನ್ ತೋರಿಸಿ ದುಡ್ಡು ಕೊಟ್ಟು ಹೋಗುತ್ತಿದ್ದರು. ನಾನೂ ಒಂದು ತೆಗೆದುಕೊಂಡು ಕನ್ನಡಕ ಹಣೆಗೇರಿಸಿ ಓದಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಕೆಫೀನ್ ಆಗದವರಿಗೆ ತಕ್ಕದ್ದಲ್ಲ ಅಂತ ಬರೆದಿದೆ. ನಿಯಮ ಇರುವುದರಿಂದ ಬರೆದಿದೆ. ಅಕ್ಷರ ಇರುವೆ ಸಾಲಿನಷ್ಟು. ಇಂಗ್ಲಿಷಿನಲ್ಲಿ.

'ಮಕ್ಕಳಿಗೆ ಕೊಡಬಾರದು ಅಂತಿದೆಯಲ್ಲ ಸ್ವಾಮಿ' ಅಂದೆ. ಕೌಂಟರಿನವರು ತಲೆ ಎತ್ತದೆ, 'ಅವರೇನು ಮಕ್ಕಳಾ ಸಾರ್? ನೀಟ್ ಬರೆಯೋರು. ಎಕ್ಸಾಮ್ ಟೈಮಲ್ಲಿ ಬನ್ನಿ, ಎರಡು ಫ್ರಿಜ್ ಸಾಲಲ್ಲ' ಅಂದರು. ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ ಹದಿನೆಂಟರ ಕೆಳಗಿನವರಿಗೆ ಇದನ್ನು ಮಾರುವುದನ್ನೇ ನಿಲ್ಲಿಸಿದವು. ಈ ಬೇಕರಿಯವರಿಗೆ ಅದನ್ನು ಹೇಳಿ ಏನು ಮಾಡಲಿ, ನನ್ನ ಖಾರಾ ಬನ್ ತಣ್ಣಗಾಗುತ್ತಿತ್ತು.

ಇಂಥ ಪಾನೀಯಗಳಲ್ಲಿ ಹೆಸರಾದ ರೆಡ್ ಬುಲ್‌ನ ಮೂಲ ಥಾಯ್ಲೆಂಡಿನ ಲಾರಿ ಡ್ರೈವರುಗಳ, ಕೂಲಿಯವರ ಬಾಟಲಿ ಅಂತ ಓದಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಅಲ್ಲಿ ಅವರು ರಾತ್ರಿ ಪಾಳಿಗೆ ಕುಡಿಯುತ್ತಿದ್ದದ್ದನ್ನು ಆಸ್ಟ್ರಿಯಾದ ಒಬ್ಬರು ರುಚಿ ಬದಲಾಯಿಸಿ 1987ರಲ್ಲಿ ರೆಡ್ ಬುಲ್ ಅಂತ ಯುರೋಪಿಗೆ ತಂದರು. ಅಲ್ಲಿಂದ ಪಾರ್ಟಿಗೆ, ಆಟಕ್ಕೆ, ಜಾಹೀರಾತಿಗೆ. ನಮ್ಮ ಟ್ಯೂಷನ್ ಬೀದಿಗೆ ಬರುವ ಹೊತ್ತಿಗೆ ಅದು ಮತ್ತೆ ರಾತ್ರಿ ಪಾಳಿಯವರ ಕೈಗೇ ಬಂತು.

ಈಗ ಹೇಗೆ

ಬದಲಾವಣೆ ಆಗಿದೆ ಅಂತ ಹೇಳಿದರೆ ಮಗಳು ಓದಿ ನಗುತ್ತಾಳೆ. ಬೆಳಗಿನ ಟ್ಯೂಷನ್ ಬಿಡಿಸಲು ನನಗೆ ಧೈರ್ಯ ಬರಲಿಲ್ಲ. ಎಲ್ಲರ ಮಕ್ಕಳೂ ಹೋಗುವಾಗ ನಮ್ಮವಳನ್ನು ಮಲಗಿಸುವ ಎದೆಗಾರಿಕೆ ನನಗಿಲ್ಲ. ಒಪ್ಪಂದ ಇಷ್ಟೇ: ಸಂಜೆ ನಾಲ್ಕರ ಮೇಲೆ ಕಾಫಿ ಇಲ್ಲ, ಬಾಟಲಿ ಇಲ್ಲ, ಭಾನುವಾರ ಯಾರೂ ಎಬ್ಬಿಸುವ ಹಾಗಿಲ್ಲ. ಅವಳ ಕಡೆಯಿಂದ ಒಂದು ಷರತ್ತು: 'ನೀನೂ ನಾಲ್ಕರ ಮೇಲೆ ಕುಡಿಯಬಾರದು.' ಒಪ್ಪಿಕೊಂಡೆ. ಪುಡಿ ಅಂಗಡಿಯಲ್ಲಿ ಮೊದಲ ಸಲ ಅರವತ್ತಕ್ಕೆ ನಲವತ್ತು ಚಿಕೋರಿ ಹಾಕಿಸಿದೆ. ಅಂಗಡಿಯವರು 'ಸಾರ್, ನಿಮಗೇನಾ?' ಅಂತ ಎರಡು ಸಲ ಕೇಳಿದರು.

ಮಗಳು ಎಷ್ಟೋ ದಿನದಿಂದ ರಾತ್ರಿ ಕಾಲು ಎಳೆಯುತ್ತೆ, ಇಟ್ಟಲ್ಲಿ ಇಡೋಕಾಗಲ್ಲ ಅನ್ನುತ್ತಿದ್ದಳು. ನಡೆದು ಸುಸ್ತಾಗಿರುತ್ತೆ ಅಂತ ನಾವು ಬಿಟ್ಟಿದ್ದೆವು. ಡಾಕ್ಟರ್ ರಕ್ತ ಪರೀಕ್ಷೆ ಬರೆದರು, ಕಬ್ಬಿಣದ ಅಂಶ ಕಡಿಮೆ ಇತ್ತು. ಕಬ್ಬಿಣ ಕಡಿಮೆಯಾದರೂ ಹಾಗೆ ಕಾಲು ಚಡಪಡಿಸಿ ನಿದ್ದೆ ಕೆಡುತ್ತದಂತೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ ಕಾಫಿ ಬೇಡ, ಅದರೊಳಗಿನ ಟ್ಯಾನಿನ್ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ ಅಂತ ಆ 2024ರ ಮಾರ್ಗಸೂಚಿಯಲ್ಲೂ ಇದೆ. ನಾವು ರಾತ್ರಿ ಊಟ ಮಾಡುವುದು ಒಂಬತ್ತಕ್ಕೆ. ಸೊಪ್ಪಿನ ಸಾರು ಉಣ್ಣಿಸಿ ಅರ್ಧ ಗಂಟೆಗೆ ಸರಿಯಾಗಿ ಲೋಟ ಹಿಡಿದು ಬಾಗಿಲು ತಟ್ಟುತ್ತಿದ್ದೆ.

ಈಗ ಒಂಬತ್ತೂವರೆಗೆ ಅಮ್ಮನೇ ಏನಾದರೂ ಕೊಡುತ್ತಾರೆ. ಒಂದು ದಿನ ಕೊತ್ತಂಬರಿ ಜೀರಿಗೆ ಕಷಾಯ, ಒಂದು ದಿನ ಅರಿಶಿನದ ಹಾಲು. ಹಾಲಿನಲ್ಲಿ ನಿದ್ದೆ ತರಿಸುವ ಟ್ರಿಪ್ಟೊಫಾನ್ ಇದೆ ಅಂತ ಹೇಳುತ್ತಾರೆ. ಇದೆ ನಿಜ, ಆದರೆ ಒಂದು ಲೋಟದಲ್ಲಿ ಇರುವುದು ಲೆಕ್ಕಕ್ಕೆ ಬರುವಷ್ಟಿಲ್ಲ. ಬೆಚ್ಚಗಿನ ಲೋಟ ಕೊಟ್ಟು ಅಮ್ಮ ಮಂಚದ ತುದಿಯಲ್ಲಿ ಕೂತು ಕೊನೆ ಮನೆಯವರ ಸುದ್ದಿ ಹೇಳುತ್ತಾರೆ, ಅದಕ್ಕೆ ತೂಕಡಿಕೆ ಬರುತ್ತದೋ ಏನೋ. ಕೆಲವು ದಿನ ಹನ್ನೊಂದಕ್ಕೆ ಲೈಟ್ ಆರುತ್ತೆ. ಟೆಸ್ಟ್ ಇದ್ದರೆ ಹನ್ನೆರಡೂವರೆಗೂ ಬಾಗಿಲ ಸಂದಿಯಲ್ಲಿ ಬೆಳಕಿರುತ್ತೆ. ಕಪಾಟಿನ ಹಿಂದೆ ನಾನು ಇಣುಕಿಲ್ಲ. ಇಣುಕಬಾರದು ಅಂತ ಒಪ್ಪಂದದಲ್ಲಿಲ್ಲ, ಆದರೂ.

ನಿನ್ನೆ ರಾತ್ರಿ ಹತ್ತರ ಹೊತ್ತಿಗೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿಯುತ್ತಿದ್ದೆ. ಮೇಲಿನ ಮುಚ್ಚಳ ಕೈ ಜಾರಿ ಕಟ್ಟೆಗೆ ಬಿತ್ತು. ಹಿತ್ತಾಳೆಯ ಸದ್ದು ಮನೆಗೆಲ್ಲಾ ಕೇಳಿಸುತ್ತೆ.

'ಅಪ್ಪಾ, ಯಾರಿಗೆ?' ರೂಮಿನಿಂದ ಅವಳ ದನಿ.

'ಬೆಳಿಗ್ಗೆಗೆ ಕಣೇ. ಡಿಕಾಕ್ಷನ್ ಇಳೀಲಿ ಅಂತ.'

'ಹಾಲು ಯಾಕೆ ಕಾಯಿಸ್ತಿದ್ದೀಯ ಮತ್ತೆ?'

ಗ್ಯಾಸ್ ಆರಿಸಿದೆ.